ಭಾನುವಾರದ ಚರ್ಚೆಗೆ ಚಿತ್ರ: ಆನೆ ಏರಿದ ಫಾಕ್ಸ್

ಎಲ್ಲರಿಗೂ ನಮಸ್ಕಾರ. ಈ ವಾರ ಜೇಮ್ಸ್ ಸೇಯರ್ಸ್ ಬರೆದ ‘ಕಾರ್ಲೋ ಖಾನ್’ ವ್ಯಂಗ್ಯಚಿತ್ರ ನೋಡೋಣ. ಲಂಡನ್, ಡಿಸೆಂಬರ್ 1783.

ಸ್ವಲ್ಪ ಹಿನ್ನೆಲೆ. ಅಮೆರಿಕ ಸ್ವಾತಂತ್ರ್ಯ ಯುದ್ಧದ ವಿಷಯದಲ್ಲಿ ಬ್ರಿಟಿಷ್ ರಾಜಕಾರಣಿ ಚಾರ್ಲ್ಸ್ ಫಾಕ್ಸ್ (ಚಿತ್ರದ ‘ಕಾರ್ಲೋ ಖಾನ್’ ಇವನೇ) ವರ್ಷಗಟ್ಟಲೆ ಆಗಿನ ಪ್ರಧಾನಿ ಲಾರ್ಡ್ ನಾರ್ತ್‌ನನ್ನು ಬೈದಿದ್ದ. 1783ರಲ್ಲಿ ಅದೇ ನಾರ್ತ್ ಜೊತೆ ಸೇರಿ ಸರ್ಕಾರ ಮಾಡಿದ! ಆಮೇಲೆ ಈಸ್ಟ್ ಇಂಡಿಯಾ ಕಂಪನಿಯನ್ನು ಹತೋಟಿಗೆ ತರುವ ಮಸೂದೆ ತಂದ.

ಚಿತ್ರದಲ್ಲಿ ಫಾಕ್ಸ್ ಪೇಟ ಸುತ್ತಿಕೊಂಡು ಆನೆ ಮೇಲೆ ಕೂತು ಕಂಪನಿ ಕಚೇರಿಗೆ ಬರುತ್ತಾನೆ. ಆನೆಗೆ ನಾರ್ತ್‌ನ ಮುಖ. ಮುಂದೆ ಕಹಳೆ ಊದುವವನು ಫಾಕ್ಸ್‌ನ ಜೊತೆಗಾರ ಸಂಸದ ಎಡ್ಮಂಡ್ ಬರ್ಕ್. ಬಾವುಟವನ್ನು ದೊಡ್ಡದು ಮಾಡಿ ನೋಡಿ: ಫಾಕ್ಸ್‌ನ ಅಡ್ಡಹೆಸರು ‘ಜನರ ಮನುಷ್ಯ’ ಅನ್ನೋದನ್ನು ಹೊಡೆದುಹಾಕಿ ಗ್ರೀಕ್‌ನಲ್ಲಿ ‘ರಾಜಾಧಿರಾಜ’ ಅಂತ ಬರೆದಿದೆ. ನನಗೆ ಆನೆಗಿಂತ ಇದೇ ಜಾಸ್ತಿ ಚುಚ್ಚುತ್ತೆ.

ಅದೇ ತಿಂಗಳು ಮಸೂದೆ ಬಿತ್ತು, ಸರ್ಕಾರವೂ ಹೋಯಿತು. ರಾಜನ ಒತ್ತಡವೇ ದೊಡ್ಡ ಕಾರಣ, ಚಿತ್ರ ಒಂದೇ ಅಲ್ಲ. ಸೇಯರ್ಸ್‌ಗೆ ಮಾತ್ರ ಮುಂದೆ ಹೊಸ ಪ್ರಧಾನಿ ಪಿಟ್ ಕಡೆಯಿಂದ ಒಳ್ಳೆ ಹುದ್ದೆ ಸಿಕ್ಕಿತು. ಹಾಗಾದ್ರೆ ಅವನೇನು ತಟಸ್ಥನಾ?

ಬ್ರಿಟಿಷ್ ಮ್ಯೂಸಿಯಂ ಜಾಲತಾಣದಲ್ಲಿ ಚಿತ್ರ ಸಿಗುತ್ತೆ. ನೋಡಿಕೊಂಡು ಬನ್ನಿ. ಇಂದಿನ ಪಕ್ಷಾಂತರಿಗಳ ಮೀಮ್‌ಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.