ಬಾಟಲಿ ಅಂಗಡಿಯ ಕಾಕಾ ಅವರಿಗೆ

ಕಳೆದ ವಾರ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಅಂಗಡಿಗೆ ಬಂದಾಗ ನನ್ನ ಚೀಲದಲ್ಲಿದ್ದದ್ದು ಸೊಟ್ಟಗಾದ ಒಂದು ಪ್ಲಾಸ್ಟಿಕ್ ಬಾಟಲಿ. ಒಲೆಯಿಂದ ಇಳಿಸಿದ ಮೆಣಸಿನಕಾಯಿ ಸಾಸ್ ಸುರಿದದ್ದೇ ತಡ, 40 ಬಾಟಲಿಗಳೂ ಹೀಗೇ ಮುದುಡಿದ್ದವು. ಎರಡು ದಿನದಲ್ಲಿ ಮಾಲು ಕೊಡಬೇಕಿತ್ತು.

ನೀವು ಬೆಲೆ ಹೇಳುವ ಮೊದಲು, "ಸಾಸ್ ತಂದೀರೇನವ್ವಾ?" ಎಂದು ಕೇಳಿದಿರಿ. ಡಬ್ಬಿಯಿಂದ ಒಂದು ಚಮಚ ತೆಗೆದು ಓರೆ ಮಾಡಿ ನೋಡಿದಿರಿ. ನಾನು ಮನಸೋತಿದ್ದ ಸಣ್ಣ ಕುತ್ತಿಗೆಯ ಬಾಟಲಿಯನ್ನು (ಚೆಂದವೇನೋ ಇತ್ತು) ಪಕ್ಕಕ್ಕಿಟ್ಟು, "ಬೀಜ ಸಿಕ್ಕಿಕೊಳ್ಳುತ್ತದೆ" ಎಂದು ಅಗಲ ಬಾಯಿಯ ಗಾಜಿನ ಜಾಡಿ ಮುಂದಿಟ್ಟಿರಿ. ಮುಚ್ಚಳದ ಒಳಪದರವನ್ನು ಉಗುರಿನಿಂದ ಕೆರೆದು ತೋರಿಸಿ, ವಿನೆಗರ್ ತಗಡಿಗೆ ತಾಗಬಾರದೆಂದಿರಿ. ಒಂದರಲ್ಲಿ ನೀರು ತುಂಬಿ, ಹಳೆಯ ಪತ್ರಿಕೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿದಿರಿ. ಹತ್ತು ನಿಮಿಷವಾದರೂ ಕಾಗದ ಒದ್ದೆಯಾಗಲಿಲ್ಲ. ನನ್ನ ಉಸಿರು ಆಗ ಹಗುರಾಯಿತು.

ಆಟೋದವರೆಗೆ ರಟ್ಟಿನ ಪೆಟ್ಟಿಗೆ ಹೊತ್ತು ತಂದು, "ಜಾಡಿ ಮೊದಲು ಬಿಸಿನೀರಿನಲ್ಲಿ ಬೆಚ್ಚಗಾಗಲಿ, ಆಮೇಲೆ ಸುರಿಯಿರಿ" ಎಂದು ಮತ್ತೊಮ್ಮೆ ನೆನಪಿಸಿದಿರಿ.

ಒಂದೂ ಸೀಳಲಿಲ್ಲ ಕಾಕಾ. ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲಿಲ್ಲ. ಒಂದು ಜಾಡಿ ತೆಗೆದಿರಿಸಿದ್ದೇನೆ, ಸೋಮವಾರ ತರುತ್ತೇನೆ. ಜೋಳದ ರೊಟ್ಟಿಯ ಜೊತೆ ರುಚಿ ನೋಡಿ. ಖಾರ ಸ್ವಲ್ಪ ಜಾಸ್ತಿಯೇ ಇದೆ.