ಅಕ್ಕಿ ಡಬ್ಬದೊಳಗಿನ ಫೋನು, ನಮ್ಮ ಭಾವ

ಈ ಭಾನುವಾರಕ್ಕೆ ಒಂದು ವರ್ಷ. ಯಾವುದಕ್ಕೆ ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಗೊತ್ತಿಲ್ಲದವರಿಗೆ ನೇರವಾಗಿಯೇ ಹೇಳುತ್ತೇನೆ. ನನಗೆ ಅಶ್ಲೀಲ ವಿಡಿಯೋ ನೋಡುವ ಚಟ ಇತ್ತು, ಹೆಚ್ಚುಕಡಿಮೆ 11 ವರ್ಷ. ಕೌನ್ಸೆಲಿಂಗ್‌ಗೆ ಎಷ್ಟು ಸಲ ಹೋದೆ, ಅಲ್ಲಿ ಏನೇನಾಯಿತು, ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಜೊತೆಗಿದ್ದವರ ಋಣ ದೊಡ್ಡದಿದೆ, ಅದಕ್ಕೇ ಈ ಬರಹ.

ಇದು ಚಟ ಅಂತ ಒಪ್ಪಿಕೊಳ್ಳೋದಕ್ಕೇ ನನಗೆ ವರ್ಷಗಳು ಬೇಕಾದವು. ಎಲ್ಲರೂ ನೋಡ್ತಾರೆ, ಏನೀಗ ಅಂದುಕೊಂಡೇ ಇದ್ದೆ. ಒಂದು ರಾತ್ರಿ ಮಗಳಿಗೆ ಜ್ವರ. ನಾನು ಫೋನ್ ಹಿಡಿದುಕೊಂಡು ಬಾತ್‌ರೂಮಿನಲ್ಲಿದ್ದೆ. ಹೆಂಡತಿ ಬಾಗಿಲು ತಟ್ಟಿ, "ಮಗು ಮೈ ಸುಡ್ತಿದೆ, ಥರ್ಮಾಮೀಟರ್ ಎಲ್ಲಿಟ್ಟಿದ್ದೀರಿ?" ಅಂದಳು. "ಹೊಟ್ಟೆ ಸರಿ ಇಲ್ಲ, ಬಂದೆ" ಅಂದೆ. ಇನ್ನೂ 20 ನಿಮಿಷ ಬರಲಿಲ್ಲ. ನೋಡುತ್ತಿದ್ದುದರಲ್ಲಿ ಖುಷಿಯೇನೂ ಇರಲಿಲ್ಲ. ಕೈ ನಿಲ್ಲುತ್ತಿರಲಿಲ್ಲ, ಅಷ್ಟೇ. ಹೊರಗೆ ಬಂದಾಗ ಅವಳು ಒದ್ದೆ ಬಟ್ಟೆ ಹಿಡಿದು ಮಗುವಿನ ಹಣೆ ಒರೆಸುತ್ತಿದ್ದಳು. ತಲೆ ಎತ್ತಿ ನೋಡಲಿಲ್ಲ.

ಕೆಲವೇ ವಾರಗಳಲ್ಲಿ ಅವಳಿಗೆ ಎಲ್ಲವೂ ಗೊತ್ತಾಯಿತು. ಮಗಳನ್ನು ಕರೆದುಕೊಂಡು ತಿಪಟೂರಿಗೆ, ತವರಿಗೆ ಹೋದಳು. ಆ ರಾತ್ರಿ ನನಗೆ ಬೆಳಗಾಗೋದೇ ಬೇಡ ಅನ್ನಿಸಿತ್ತು. ಇದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಅಕ್ಕನಿಗೆ ನನ್ನ ದನಿ ಕೇಳಿಯೇ ಅನುಮಾನ ಬಂದಿರಬೇಕು. ಭಾವನಿಗೆ ಫೋನ್ ಮಾಡಿದ್ದಾಳೆ. ಭಾವ ಮಂಗಳೂರು ರೂಟಿನ ಬಸ್ ಡ್ರೈವರ್. ಆವತ್ತು ಮೆಜೆಸ್ಟಿಕ್‌ನಲ್ಲಿ ಟ್ರಿಪ್ ಮುಗಿಸಿ ರೆಸ್ಟ್ ರೂಮಿಗೆ ಹೋಗದೆ ಸೀದಾ ನಮ್ಮನೆಗೆ ಬಂದರು. ಖಾಕಿ ಶರ್ಟು, ಕೈಯಲ್ಲಿ ಖಾಲಿ ಟಿಫಿನ್ ಕ್ಯಾರಿಯರ್. ರಾತ್ರಿ ಹನ್ನೊಂದು ದಾಟಿತ್ತು. ಬಾಗಿಲು ತೆಗೆದಾಗ ಕೇಳಿದ್ದು ಒಂದೇ ಮಾತು, "ಊಟ ಆಯ್ತೇನೋ?"

ಆಗಿರಲಿಲ್ಲ. ಅವರೇ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬ ಹುಡುಕಿದರು. ಎರಡು ಪಾವು ಅಕ್ಕಿ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ ಕೈ ಚಾಚಿದರು. ಫೋನ್ ಕೊಟ್ಟೆ. ಅದನ್ನು ಅಕ್ಕಿಯೊಳಗೆ ಹೂತಿಟ್ಟು ಮುಚ್ಚಳ ಹಾಕಿದರು. ಅನ್ನ, ಅಮ್ಮ ಕಳಿಸಿದ್ದ ಮಾವಿನ ಮಿಡಿ, ಮಜ್ಜಿಗೆ. ನಾನು ತಿನ್ನುತ್ತಾ ಅಳುತ್ತಾ ಎಲ್ಲ ಹೇಳಿದೆ. ಯಾರಿಗೂ ಹೇಳಬಾರದ್ದು ಅಂದುಕೊಂಡಿದ್ದನ್ನೂ ಹೇಳಿದೆ. ಅವರ ಮುಖದಲ್ಲಿ ಅಸಹ್ಯ ಕಾಣುತ್ತಾ ಅಂತ ಹುಡುಕುತ್ತಲೇ ಇದ್ದೆ. ಕಾಣಲಿಲ್ಲ. "ಇನ್ನೊಂದು ಸ್ವಲ್ಪ ಮಜ್ಜಿಗೆ ಹಾಕ್ಕೋ" ಅಂದರು.

ನನ್ನ ಚಟಕ್ಕೆ ನೀರೆರೆದದ್ದು ನಾಚಿಕೆ. ನೋಡೋದು, ನಾಚಿಕೆ ಪಡೋದು, ಆ ನಾಚಿಕೆ ತಡೆಯಲಾರದೆ ಮತ್ತೆ ನೋಡೋದು. ಆ ಸುತ್ತು ಮೊದಲ ಸಲ ತುಂಡಾಗಿದ್ದು ಆ ಊಟದ ತಟ್ಟೆಯ ಮುಂದೆ.

ಎರಡು ಗಂಟೆ ಹೊತ್ತಿಗೆ ಮೈಯೆಲ್ಲ ಚಡಪಡಿಕೆ ಶುರುವಾಯಿತು. ಡಬ್ಬದ ಕಡೆಗೇ ಕಣ್ಣು ಹೋಗುತ್ತಿತ್ತು. ಭಾವ ನೋಡಿದರು. "ಶಿರಾಡಿ ಘಾಟಿಲಿ ಲಾರಿ ಹಿಂದೆ ಸಿಕ್ಕಾಕ್ಕೊಂಡ್ರೆ ನುಗ್ಗಕ್ಕೆ ಹೋಗ್ಬಾರ್ದು ಕಣೋ. ಸೆಕೆಂಡ್ ಗೇರಲ್ಲಿ ಸುಮ್ನೆ ಹೋಗ್ತಿರ್ಬೇಕು. ಜಾಗ ಸಿಗುತ್ತೆ" ಅಂದು ವಾಚ್ ಬಿಚ್ಚಿ ನಮ್ಮಿಬ್ಬರ ಮಧ್ಯೆ ನೆಲದ ಮೇಲಿಟ್ಟರು. ಮುಳ್ಳು ನೋಡುತ್ತಾ ಕೂತೆವು. ಅರ್ಧ ಗಂಟೆಯೊಳಗೆ ಚಡಪಡಿಕೆ ಇಳಿಯಿತು. ಮುಂದೆ ಕೌನ್ಸೆಲರ್ ಕೂಡ ಇದನ್ನೇ ಹೇಳಿದರು: ಆಸೆ ಅಲೆಯ ಹಾಗೆ ಏರುತ್ತೆ, ಅದು ಹೇಳಿದ ಹಾಗೆ ಕೇಳದಿದ್ದರೆ ತಾನಾಗಿ ಇಳಿಯುತ್ತೆ.

ಬೆಳಿಗ್ಗೆ ಭಾವ ತಮ್ಮ ಫೋನಿನಿಂದಲೇ 14416ಕ್ಕೆ ಹಚ್ಚಿ ನನ್ನ ಕೈಗೆ ಕೊಟ್ಟರು. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಂದ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್‌ಗೆ ದಾರಿ ಸಿಕ್ಕಿತು. ಫೋನು, ಇಂಟರ್‌ನೆಟ್ ಕೈ ಮೀರಿದವರಿಗೆಂದೇ 2014ರಲ್ಲಿ ಶುರುವಾದದ್ದಂತೆ. ನನ್ನಂಥವರಿಗೂ ಒಂದು ಜಾಗ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಕೌನ್ಸೆಲರ್ ಮೇಡಂಗೆ ನಮಸ್ಕಾರ. ಇದು ನಿಜವಾಗಿ ಚಟವೇ ಅಂತ ವೈದ್ಯರಲ್ಲೇ ಇನ್ನೂ ಚರ್ಚೆ ಇದೆಯಂತೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಇಂಥದ್ದನ್ನು ಲೈಂಗಿಕ ನಡವಳಿಕೆ ಹಿಡಿತ ತಪ್ಪುವ ತೊಂದರೆ ಅಂತ ಗುರುತಿಸುತ್ತೆ, ಚಟಗಳ ಸಾಲಿನಲ್ಲಿ ಇಟ್ಟಿಲ್ಲ. ಬರೀ ತಪ್ಪು ಮಾಡಿದೆ ಅನ್ನೋ ಸಂಕಟ ಇದ್ದ ಮಾತ್ರಕ್ಕೆ ಅದು ಕಾಯಿಲೆ ಆಗಲ್ಲ ಅಂತಲೂ ಹೇಳಿದರು. ಬಿಡಬೇಕು ಅಂತ ಎಷ್ಟು ಸಲ ಹೊರಟು ಸೋತಿರಿ, ಮನೆ, ನಿದ್ದೆ, ಕೆಲಸ ಎಷ್ಟು ಹಾಳಾಗಿದೆ ಅಂತ ಕೇಳಿದರು. ನನ್ನ ಉತ್ತರ ಉದ್ದವಿತ್ತು.

ಮಧ್ಯೆ ಎರಡು ಸಲ ಜಾರಿದೆ. ಎರಡು ಸಲವೂ ಮನೆಯಲ್ಲಿ ಒಬ್ಬನೇ ಇದ್ದೆ, ನಿದ್ದೆ ಕೆಟ್ಟಿತ್ತು. ಜಾರಿದ್ದಕ್ಕೆ ಹಿಂದಿನದ್ದೆಲ್ಲ ಸೊನ್ನೆ ಆಗಲ್ಲ ಅಂತ ಮೇಡಂ ಕೂರಿಸಿ ಹೇಳಿದರು. ಹಾಗಾಗಿ ಬಿಟ್ಟು ಎಷ್ಟು ದಿನ ಆಯಿತು ಅಂತ ನಾನು ಎಣಿಸಲ್ಲ. ಈ ಒಂದು ವರ್ಷ ಲೆಕ್ಕ ಹಾಕಿದ್ದು ಭಾವ ಬಂದ ರಾತ್ರಿಯಿಂದ.

ಅಕ್ಕ, ಅಮ್ಮ, ಮಧ್ಯಾಹ್ನ ಊಟ ಆದಮೇಲೆ ದಿನಾ ನನ್ನ ಜೊತೆ ಒಂದು ಸುತ್ತು ನಡೆದ ಆಫೀಸಿನ ಗೆಳೆಯರು, ಏನೂ ಕೇಳದೆ ಮನೆ ಬೀಗದ ಕೈ ಇಟ್ಟುಕೊಂಡ ಕೆಳಗಿನ ಮನೆ ಆಂಟಿ, ನಿಮ್ಮೆಲ್ಲರನ್ನೂ ನೆನೆಯುತ್ತೇನೆ.

ಹೆಂಡತಿಗೆ ಹೇಳಬೇಕಾದ್ದನ್ನು ಅವಳಿಗೇ ಹೇಳಿದ್ದೇನೆ, ಹೇಳುತ್ತಲೇ ಇದ್ದೇನೆ. ಅವಳು ಐದು ತಿಂಗಳಾದ ಮೇಲೆ ಬಂದಳು. ಬಂದಳು ಅಂದ ಮಾತ್ರಕ್ಕೆ ಎಲ್ಲ ಸರಿಯಾಯಿತು ಅಂತ ಅಲ್ಲ. ಒಡೆದದ್ದು ನಾನು, ಕಾಯಬೇಕಾದ್ದೂ ನಾನೇ. ಇದನ್ನು ಅವಳಿಗೆ ಓದಿ ಹೇಳಿದ ಮೇಲೇ ಹಾಕುತ್ತಿದ್ದೇನೆ. ಎರಡು ಸಾಲು ತೆಗೆಯೋಕೆ ಹೇಳಿದಳು, ತೆಗೆದೆ.

ಫೋನು ಈಗಲೂ ರಾತ್ರಿ ಹತ್ತೂವರೆಗೆ ಅಕ್ಕಿ ಡಬ್ಬಕ್ಕೆ ಹೋಗುತ್ತೆ. ಅದಕ್ಕೆ ಸ್ವಲ್ಪ ಮುಂಚೆ ಭಾವನ ಕಾಲ್ ಬರುತ್ತೆ. ಹಾಸನದಲ್ಲಿ ಬಸ್ ನಿಲ್ಲಿಸಿರಲಿ, ಮನೆಯಲ್ಲೇ ಇರಲಿ, ತಪ್ಪಿಸಿಲ್ಲ. "ಊಟ ಆಯ್ತೇನೋ?" ಅಂತಾರೆ. ಬೇರೆ ಏನನ್ನೂ ಕೇಳಲ್ಲ.

ಭಾವ, ಆವತ್ತು ನೀವು ಬಿಟ್ಟು ಹೋದ ಟಿಫಿನ್ ಕ್ಯಾರಿಯರ್ ಇನ್ನೂ ನಮ್ಮನೆ ಶೆಲ್ಫಿನ ಮೇಲೇ ಇದೆ. ಭಾನುವಾರ ನಿಮಗೆ ಡ್ಯೂಟಿ ಇಲ್ಲ ಅಂತ ಅಕ್ಕ ಹೇಳಿದಳು. ಅಡುಗೆ ನಾನೇ ಮಾಡ್ತೀನಿ, ಬನ್ನಿ.