ಕೋಲ್ಮಾರ್‌ನ ಏಸು

ಪ್ರಿಯ ರಘು,

ಚರ್ಮದ ಡಾಕ್ಟರಾದ ನೀನು ನೋಡಲೇಬೇಕಾದ ಒಬ್ಬ ಏಸುವನ್ನು ನೋಡಿ ಬಂದೆ. ಫ್ರಾನ್ಸಿನ ಕೋಲ್ಮಾರ್ ಊರಿನ ಉಂಟರ್‌ಲಿಂಡನ್ ಮ್ಯೂಸಿಯಂನಲ್ಲಿದ್ದಾನೆ. ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್ 1512ರಿಂದ 1516ರ ಸುಮಾರಿಗೆ ಮರದ ಹಲಗೆಗಳ ಮೇಲೆ ಬರೆದ ಚಿತ್ರ. ಹತ್ತಿರ ಹತ್ತಿರ 9 ಅಡಿ ಎತ್ತರ, 10 ಅಡಿ ಅಗಲ.

ಶಿಲುಬೆಯ ಏಸು ಅಂದರೆ ನಮಗೆ ಗೊತ್ತಿರುವುದು ಕ್ಯಾಲೆಂಡರಿನ ಏಸು ಅಲ್ವಾ? ಎಷ್ಟೇ ನೋವಿದ್ದರೂ ಮೈ ಹಾಲಿನ ಹಾಗೆ. ಇವನ ಮೈ ಹಸಿರುಗಟ್ಟಿದೆ. ತುಟಿ ನೀಲಿ. ಬೆರಳುಗಳು ಸೆಟೆದು ಮೇಲಕ್ಕೆ ಚಾಚಿವೆ. ಪಾದ ಸೊಟ್ಟಗಾಗಿವೆ. ಹತ್ತಿರ ಹೋದರೆ ಮೈತುಂಬ ಗಾಯ, ಒಳಗೆ ಮುರಿದ ಮುಳ್ಳು. ನಾನಂತೂ ಎರಡು ಹೆಜ್ಜೆ ಹಿಂದೆ ಸರಿದೆ.

ಇದು ಮೊದಲಿದ್ದದ್ದು ಕೋಲ್ಮಾರ್ ಹತ್ತಿರದ ಈಸೆನ್‌ಹೈಮ್‌ನಲ್ಲಿ, ಸಂತ ಆಂಟನಿಯ ಹೆಸರಿನ ಆಂಟೋನೈಟ್ ಮಠದಲ್ಲಿ. ಅಲ್ಲಿನ ಸನ್ಯಾಸಿಗಳು 'ಸಂತ ಆಂಟನಿಯ ಬೆಂಕಿ' ಅನ್ನುವ ಕಾಯಿಲೆ ತಗುಲಿದವರ ಆರೈಕೆ ಮಾಡುತ್ತಿದ್ದರು. ರೈ ಅನ್ನುವ ಧಾನ್ಯದ ತೆನೆಗೆ ಎರ್ಗಟ್ ಅಂತ ಒಂದು ಬೂಷ್ಟು ಬರುತ್ತದೆ. (ನಮ್ಮ ಸಜ್ಜೆಗೂ ಅದರ ದಾಯಾದಿಯ ಕಾಟ ಇದೆ.) ಅದು ಹಿಟ್ಟಿಗೆ ಸೇರಿ ಹೊಟ್ಟೆಗೆ ಹೋದರೆ ರಕ್ತನಾಳ ಬಿಗಿಯುತ್ತದೆ. ಕೈಕಾಲು ಧಗಧಗ ಉರಿದು, ಕಪ್ಪಾಗಿ, ಕೊಳೆಯುತ್ತವೆ. ಮಠದಲ್ಲಿ ಒಳ್ಳೆ ಹಿಟ್ಟಿನ ಬ್ರೆಡ್ಡು, ಹಂದಿ ಕೊಬ್ಬಿನ ಮುಲಾಮು, ಸಂತನ ಅಸ್ಥಿಯ ಮೇಲೆ ಸುರಿದ ವೈನು ಕೊಡುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಕತ್ತರಿಸುವುದೇ. ನನ್ನ ಪ್ರಕಾರ ಅರ್ಧ ಕೆಲಸ ಮಾಡಿದ್ದು ಆ ಬ್ರೆಡ್ಡು. ಕಾಯಿಲೆಯ ಮೂಲ ಊಟದಲ್ಲೇ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ರೋಗಿಗಳನ್ನು ಈ ಚಿತ್ರದ ಮುಂದೆ ತರುತ್ತಿದ್ದರಂತೆ. ಅವರು ಕಂಡದ್ದು ತಮ್ಮ ಹಾಗೇ ಕೊಳೆಯುತ್ತಿರುವ ದೇವರನ್ನು. ಇನ್ನೊಂದು ಕೇಳು. ಆಗ ಹಬ್ಬದ ದಿನ ಬಾಗಿಲಿನ ಹಾಗೆ ಹಲಗೆ ತೆರೆದರೆ ಏಸುವಿನ ಒಂದು ತೋಳು ಬೇರೆಯಾಗುತ್ತಿತ್ತು. ಕೆಳಗಿನ ಹಲಗೆಯಲ್ಲಿ ಮಲಗಿಸಿದ ಹೆಣ ಇದೆ. ಅದನ್ನು ಸರಿಸಿದರೆ ಕಾಲು ಮೊಣಕಾಲಿನ ಹತ್ತಿರ ತುಂಡಾಗುತ್ತಿತ್ತು! ಬಡಗಿಯ ಅನುಕೂಲಕ್ಕೆ ಹಾಗಾಯಿತು ಅನ್ನಬಹುದು. ನಾನು ನಂಬುವುದಿಲ್ಲ. ಕಾಲು ಕಳೆದುಕೊಂಡವರು ಎದುರಿಗೇ ಕೂತಿರುವಾಗ ಸುಮ್ನೆ ಹಾಗಾಗುತ್ತದಾ?

ತೆರೆದ ಮೇಲೆ ಒಳಗೆ ಮತ್ತೆ ಅದೇ ಏಸು, ಸಮಾಧಿಯಿಂದ ಎದ್ದವನು. ಮೈಮೇಲೆ ಒಂದು ಗುಳ್ಳೆ ಇಲ್ಲ. ಶಿಲುಬೆಯ ಗಾಯಗಳು ಮಾತ್ರ ಉಳಿದಿವೆ, ಅವೂ ಹೊಳೆಯುತ್ತಿವೆ.

ಕಡೆಯ ಹಲಗೆಯದು ಒಂದು ಫೋಟೋ ಕಳಿಸಿದ್ದೇನೆ. ಸಂತ ಆಂಟನಿಯನ್ನು ದೆವ್ವಗಳು ಎಳೆದಾಡುತ್ತಿವೆ. ಎಡಗಡೆ ಮೂಲೆಯಲ್ಲಿ ಕೆಂಪು ಕುಲಾವಿ ಹಾಕಿಕೊಂಡು ಒಬ್ಬ ಬಿದ್ದಿದ್ದಾನೆ. ಹೊಟ್ಟೆ ಊದಿದೆ, ಮೈಯೆಲ್ಲ ಹುಣ್ಣು, ಪಾದ ಮಾತ್ರ ಕಪ್ಪೆಯದು. ದೆವ್ವವೋ ರೋಗಿಯೋ? ದೊಡ್ಡದು ಮಾಡಿ ನೋಡಿ ಹೇಳು.

ನಿನ್ನ,
ಶ್ರೀಧರ